ಆರೋಗ್ಯನಾಥರ ಪಟ ಹಿಡಿದವನನ್ನು ಹುಡುಕಿಕೊಂಡು ಜಗಳೂರಿಗೆ

ಯುದ್ಧದ ಕಾಲದ ಒಂದು ಚಳಿಗಾಲದಲ್ಲಿ, ಚರ್ಚಿನ ಬೆಳಗಿನ ಪೂಜೆ ಮುಗಿದ ಕೂಡಲೇ, ನಾನು ಶಿವಮೊಗ್ಗದಿಂದ ನ್ಯಾಮತಿಯ ಬಸ್ಸು ಹತ್ತಿದೆ. ಪೆಟ್ರೋಲು ಸಿಗದೆ ಆಗ ಬಸ್ಸುಗಳು ಇದ್ದಿಲಿನ ಗ್ಯಾಸಿನಿಂದ ಓಡುತ್ತಿದ್ದವು. ಗಾಡಿಯ ಬೆನ್ನಿಗೆ ಒಂದು ಕರಿಯ ಡ್ರಮ್ಮು ಕಟ್ಟಿ, ಅದರಲ್ಲಿ ಇದ್ದಿಲು ತುಂಬಿ ಬೆಂಕಿ ಹಾಕಿ, ಕ್ಲೀನರು ಹಿಡಿಕೆ ತಿರುಗಿಸಿ ತಿರುಗಿಸಿ ಬೆವರುವ ಹೊತ್ತಿಗೆ ಇಂಜಿನು ಒಮ್ಮೆ ಕೆಮ್ಮುತ್ತಿತ್ತು. ಏರು ಬಂದರೆ ಎಲ್ಲರೂ ಇಳಿದು ತಳ್ಳಬೇಕು. ತಳ್ಳಿದವರಿಗೂ ಕೂತವರಿಗೂ ಟಿಕೆಟ್ಟು ಒಂದೇ, ಆರಾಣೆ.

ನಾನು ಹೊರಟದ್ದು ತೀರ್ಥಯಾತ್ರೆಗಲ್ಲ, ಒಬ್ಬ ಮನುಷ್ಯನ ವಿಚಾರಣೆಗೆ. ಆ ವರ್ಷ ಹೊನ್ನಾಳಿ, ಚನ್ನಗಿರಿ, ಜಗಳೂರು ಸೀಮೆಯಲ್ಲಿ ಮತ್ತೆ ಪ್ಲೇಗು ಬಿದ್ದಿತ್ತು. ಇಲಿ ಸತ್ತು ಬಿದ್ದ ಊರುಗಳನ್ನು ಬಿಟ್ಟು ಜನ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಆ ಗುಡಿಸಲುಗಳಲ್ಲಿ ಯಾರೋ ಒಬ್ಬ ಅಪರಿಚಿತ ತಿರುಗುತ್ತಿದ್ದಾನೆ, ಕೈಯಲ್ಲಿ ನಮ್ಮ ಸಂತರೊಬ್ಬರ ಪಟ ಇದೆ, ಹೆಸರು ಕೇಳಿದರೆ ಹೇಳುವುದಿಲ್ಲ ಎಂಬ ಸುದ್ದಿ ನಮ್ಮ ಚರ್ಚಿಗೆ ಬಂತು. ಹಿಂದೆಯೇ ಜಗಳೂರಿನ ಅಮಲ್ದಾರರು ಬಾಯಿಮಾತಿನಲ್ಲಿ ಕೇಳಿಕಳಿಸಿದರು: ಅವನು ನಿಮ್ಮವನೋ, ಅಲ್ಲವೋ?

ಗುರುಗಳಿಗೆ ವಯಸ್ಸಾಗಿತ್ತು, ನನ್ನನ್ನು ಕರೆದರು. ನಾನು ಆ ಚರ್ಚಿನ ಉಪದೇಶಿ. ಮಕ್ಕಳಿಗೆ ಜಪ ಕಲಿಸುವುದು ನನ್ನ ಮೇಲಿನ ಕೆಲಸ. ಒಳಗಿನ ಕೆಲಸ ಬೇರೆ. ಮದುವೆಗೆ ಬಂದ ಗಂಡಿಗೆ ಬೇರೆ ಊರಲ್ಲಿ ಹೆಂಡತಿ ಇದ್ದಾಳೋ, ಜ್ಞಾನಸ್ನಾನ ಬೇಡುವವನಿಗೆ ವಿಶ್ವಾಸ ಬೇಕೋ ಅಕ್ಕಿ ಬೇಕೋ ಎಂದು ಪತ್ತೆ ಮಾಡುವವನು ನಾನೇ. ಹಾಗೆ ಪತ್ತೆ ಮಾಡುತ್ತ ಮಾಡುತ್ತ ನನಗೆ ಮನುಷ್ಯರ ಮಾತಿನ ಮೇಲೆ ನಂಬಿಕೆ ಹೋಗಿತ್ತು. “ಚಿನ್ನಪ್ಪ, ನೋಡಿ ಬಾ. ನ್ಯಾಯವಾಗಿ ನೋಡು,” ಎಂದರು ಗುರುಗಳು. ನಾನು ಹೊರಡುವ ಮೊದಲೇ ಮನಸ್ಸಿನಲ್ಲಿ ತೀರ್ಪು ಬರೆದಿದ್ದೆ: ಸಂತರ ಪಟ ತೋರಿಸಿ ಖಾಲಿ ಮನೆ ದೋಚುವ ಕಳ್ಳ.

ಆ ಸಂತರು ರೋಕರು. ನಮ್ಮ ಹಳಬರು ಆರೋಗ್ಯನಾಥರು ಎನ್ನುತ್ತಾರೆ. ಫ್ರಾನ್ಸು ದೇಶದ ಒಂದು ಊರಿನ ಅಧಿಪತಿಯ ಮಗ. ತಂದೆತಾಯಿ ತೀರಿಕೊಂಡ ಮೇಲೆ ಆಸ್ತಿಯನ್ನು ಬಡವರಿಗೆ ಹಂಚಿ, ಕೋಲು ಹಿಡಿದು ರೋಮಿಗೆ ಯಾತ್ರೆ ಹೊರಟರು. ದಾರಿಯ ಊರುಗಳಲ್ಲಿ ಪ್ಲೇಗು. ಯಾತ್ರೆ ಬಿಟ್ಟು ರೋಗಿಗಳ ಹತ್ತಿರ ಕೂತರು. ಕೊನೆಗೆ ತಮಗೇ ತೊಡೆಯಲ್ಲಿ ಗಡ್ಡೆ ಎದ್ದಾಗ ಯಾರಿಗೂ ಹೊರೆಯಾಗಬಾರದೆಂದು ಕಾಡಿಗೆ ಹೋಗಿ ಮಲಗಿದರು. ಆಗ ಒಂದು ನಾಯಿ ದಿನಾ ರೊಟ್ಟಿ ಕಚ್ಚಿಕೊಂಡು ಬಂದು ಕೊಟ್ಟು, ಗಾಯ ನೆಕ್ಕಿ ಅವರನ್ನು ಉಳಿಸಿತು. ಪಟದಲ್ಲಿ ಇರುವುದು ಅದೇ: ಕೋಲು ಹಿಡಿದ ಯಾತ್ರಿಕ, ಬಟ್ಟೆ ಸರಿಸಿ ತೋರಿಸಿದ ಗಾಯ, ಕಾಲ ಬಳಿ ರೊಟ್ಟಿ ಕಚ್ಚಿದ ನಾಯಿ.

ನ್ಯಾಮತಿಗೆ ಮುಟ್ಟಿದಾಗ ಬಿಸಿಲು ಏರಿತ್ತು. ಅಂಗಡಿ ಸಾಲು ಅರ್ಧ ಮುಚ್ಚಿತ್ತು. ಊರ ಹೊರಗೆ ಜೋಳ ಕೊಯ್ದ ಹೊಲದಲ್ಲಿ ತಡಿಕೆ, ಸೋಗೆ, ಹಳೆಯ ಗೋಣಿತಾಟುಗಳ ಗುಡಿಸಲು. ನನ್ನನ್ನು ಕಂಡ ಕೂಡಲೇ ಹೆಂಗಸರು ಒಳಗೆ ಸರಿದರು. ಹೊಸಬ ಅಂದರೆ ಪ್ಲೇಗಿನ ಸೂಜಿ ಚುಚ್ಚುವವನು, ಇಲ್ಲವೆ ಸರ್ಕಾರಕ್ಕೆ ಕೊಡಬೇಕಾದ ಲೆವಿ ಕಾಳು ಕೇಳುವವನು. ಕೊನೆಗೆ ಮಾತಿಗೆ ಸಿಕ್ಕವರು ಗುರುಬಸಮ್ಮ, ಕಾಳಿನ ವ್ಯಾಪಾರದ ಮನೆಯ ಹಿರಿಯಾಕೆ.

“ಅವನ ಸುದ್ದಿನಾ? ನಮ್ಮನೆ ಬೀಗ ಮುರಿದೋನು ಅವನೇ ಕಣ್ರೀ. ಒಳ್ಳೆ ತಾಮ್ರದ ತಪ್ಪಲೆ, ನಮ್ಮತ್ತೆ ಕಾಲದ್ದು, ಹೊತ್ಕೊಂಡು ಹೋಗ್ಯಾನೆ.”

ನನ್ನ ಊಹೆ ಮೊದಲ ಊರಿನಲ್ಲೇ ನಿಜವಾಯಿತೆಂದು ಒಳಗೊಳಗೇ ಹಿಗ್ಗಿದೆ. ಆದರೆ ಸಂಶಯ ಒಂದು ಕಡೆ ಮಾತ್ರ ನಿಲ್ಲುವ ಗುಣದ್ದಲ್ಲ. ಆಕೆ ಮಾತಾಡುವಾಗ ನನ್ನ ಮುಖ ನೋಡುತ್ತಿರಲಿಲ್ಲ, ಸೆರಗಿನ ಅಂಚು ತಿರುವುತ್ತಿದ್ದರು.

“ಮನೇಲಿ ಬಂಗಾರ, ಬೆಳ್ಳಿ ಇರಲಿಲ್ಲವೇನಮ್ಮ?” ಎಂದೆ.

“ಇತ್ತು. ಅದನ್ನ ಮುಟ್ಟಿಲ್ಲ.”

“ಹಂಗಾದ್ರೆ ಬೀಗ ಮುರಿದದ್ದು ತಪ್ಪಲೆಗೆ ಮಾತ್ರವಾ?”

ಪಕ್ಕದ ಗುಡಿಸಲಿನ ಒಬ್ಬಾಕೆ ಕೆಮ್ಮಿದಳು, ಬೇಕೆಂದೇ ಕೆಮ್ಮಿದ ಹಾಗಿತ್ತು. ಆಗ ಗುರುಬಸಮ್ಮ ಧ್ವನಿ ತಗ್ಗಿಸಿ ಹೇಳಿದರು: “ಒಳಗೆ ನಮ್ಮನೆ ಕಸಮುಸುರೆ ಮಾಡೋ ಮುದುಕಿ ಇತ್ತು. ಜ್ವರ ಬಂದು ಬಿದ್ದಿತ್ತು. ಉಸಿರು ಇದ್ದಂಗೆ ಕಾಣ್ಲಿಲ್ಲ. ಸತ್ತೋಗೈತೆ ಅನ್ಕೊಂಡು ನಾವು ಬೀಗ ಹಾಕ್ಕೊಂಡು ಬಂದ್ವಿ. ಎಲ್ಲಾರೂ ಓಡ್ತಿದ್ರು, ನಾವೂ ಓಡಿದ್ವಿ.”

“ಈಗ?”

“ಬದುಕೈತೆ. ಮಗಳ ಊರಿಗೆ ಹೋಗೈತೆ. ಆದ್ರೆ ತಪ್ಪಲೆ ಹೋತಲ್ರೀ.”

ಆಕೆ ಕೊಟ್ಟ ರೊಟ್ಟಿ, ಹುಚ್ಚೆಳ್ಳು ಚಟ್ನಿ ತಿಂದೆ. ಬೀಗ ಮುರಿದದ್ದು ನಿಜ, ತಪ್ಪಲೆ ಒಯ್ದದ್ದು ನಿಜ ಎಂದು ಮನಸ್ಸಿನಲ್ಲಿ ಗುರುತು ಹಾಕಿಕೊಂಡೆ. ಮುದುಕಿಯ ವಿಷಯವನ್ನು ಯಾವ ಕಡೆಗೆ ಹಾಕಬೇಕೆಂದು ತಿಳಿಯಲಿಲ್ಲ.

ಮಧ್ಯಾಹ್ನ ಹೊನ್ನಾಳಿಗೆ ಬಂದೆ. ಹೊಳೆಯ ಮೇಲಿನ ಗಾಳಿ ತಣ್ಣಗೆ ಮುಖಕ್ಕೆ ಬಡಿಯುತ್ತಿತ್ತು. ಬಸ್ಸು ನಿಂತಲ್ಲೇ ಪೊಲೀಸಿನವರು ಎಲ್ಲರನ್ನೂ ಇಳಿಸಿದರು. ಸ್ವಾತಂತ್ರ್ಯ ಚಳವಳಿಯವರು ತಲೆಮರೆಸಿಕೊಂಡು ಓಡಾಡುತ್ತಿದ್ದ ದಿನಗಳವು. ಊರಿಗೆ ಬಂದ ಪ್ರತಿ ಹೊಸ ಮುಖವೂ ಸರ್ಕಾರಕ್ಕೆ ಚಳವಳಿಯವನಂತೆ ಕಾಣುತ್ತಿತ್ತು, ಜನಕ್ಕೆ ಸರ್ಕಾರದ ಬೇಹುಗಾರನಂತೆ ಕಾಣುತ್ತಿತ್ತು. ದಫೇದಾರನೊಬ್ಬ ನನ್ನ ಕೈಚೀಲ ಬಗ್ಗಿಸಿದ. ಪಂಚೆ, ಜಪಸರ, ಕನ್ನಡ ಅಕ್ಷರದಲ್ಲಿ ಅಚ್ಚಾದ ಲತೀನು ಪ್ರಾರ್ಥನೆಯ ಹಾಳೆ. ಅವನು ಹಾಳೆ ಎತ್ತಿ ಗಟ್ಟಿಯಾಗಿ ಓದಿದ:

“ಸಾಂಕ್ತೇ ರೋಕೆ, ಓರಾ ಪ್ರೊ ನೋಬಿಸ್. ಇದ್ಯಾವ ಭಾಷೆರೀ?”

“ಲತೀನು, ದಫೇದಾರ್ರೇ. ಸಂತರೇ, ನಮಗಾಗಿ ಪ್ರಾರ್ಥಿಸಿರಿ ಅಂತ.”

“ಅಕ್ಷರ ಕನ್ನಡ, ಮಾತು ಬೇರೆ. ಗುಟ್ಟು ಇಲ್ದೆ ಹಿಂಗ್ಯಾಕೆ ಬರೀತಾರೆ? ನಿಮಗೆ ಅರ್ಥ ಆಗ್ತೈತಾ?”

“ಗುರುಗಳು ಹೇಳಿಕೊಟ್ಟಿದ್ದಾರೆ.”

“ಅಂದ್ರೆ ನಿಮಗೇ ಗೊತ್ತಿಲ್ಲ.”

ಬಸ್ಸಿನ ಜನವೆಲ್ಲ ನನ್ನನ್ನೇ ನೋಡುತ್ತಿದ್ದರು. ನ್ಯಾಮತಿಯಿಂದ ನನ್ನ ಪಕ್ಕ ಕೂತು, ತನ್ನ ಎಲೆಯಡಿಕೆ ಹಂಚಿಕೊಂಡು ಬಂದ ಯಜಮಾನರು ಈಗ ಮೆಲ್ಲಗೆ ಆಚೆ ಸರಿದು ನಿಂತರು. ನಾನು ಶಿವಮೊಗ್ಗದ ಚರ್ಚಿನ ಹೆಸರು ಹೇಳಿದೆ, ಗುರುಗಳ ಹೆಸರು ಹೇಳಿದೆ, ಅಮಲ್ದಾರರು ಕೇಳಿಕಳಿಸಿದ್ದನ್ನೂ ಹೇಳಿದೆ. ಹೆಸರುಗಳು ಕೆಲಸ ಮಾಡಿದವು. ಸಂಜೆಯ ತನಕ ಜಗಲಿಯ ಮೇಲೆ ಕೂರಿಸಿ ಬಿಟ್ಟುಬಿಟ್ಟರು. ಕೂತಷ್ಟು ಹೊತ್ತೂ ನನಗೆ ಸಿಟ್ಟು ಬಂದದ್ದು ದಫೇದಾರನ ಮೇಲಲ್ಲ, ಆ ಹೆಸರಿಲ್ಲದ ಮನುಷ್ಯನ ಮೇಲೆ. ಅವನಿಂದಾಗಿ ಮರ್ಯಾದಸ್ಥನಾದ ನಾನು ಕಳ್ಳನಂತೆ ಜಗಲಿ ಕಾಯಬೇಕಾಯಿತಲ್ಲ ಎಂದು.

ಮಾರನೆಯ ದಿನ ಚನ್ನಗಿರಿ ಸೇರಿದೆ. ಇಲ್ಲಿ ಅವನ ಸುದ್ದಿ ಇನ್ನೊಂದು ಬಣ್ಣಕ್ಕೆ ತಿರುಗಿತ್ತು. ಕಾಫಿ ಹೋಟೆಲಿನ ಯಜಮಾನರು ಲೋಟ ಇಡುತ್ತ ಹೇಳಿದರು: “ಅವನು ಕಳ್ಳ ಅಲ್ಲ ಬಿಡ್ರಿ, ಅದಕ್ಕಿಂತ ಕೆಟ್ಟೋನು. ಪಿಲೇಗು ಇದ್ದಲ್ಲಿ ಅವನು ಬರ್ತಾನೋ, ಅವನು ಬಂದಲ್ಲಿ ಪಿಲೇಗು ಬರ್ತೈತೋ, ಯಾರಿಗೆ ಗೊತ್ತು?” ಕೇಳುತ್ತಿದ್ದ ನಾಲ್ಕಾರು ಜನ ತಲೆಯಾಡಿಸಿದರು. ಇಷ್ಟು ದಿನ ಪ್ಲೇಗಿನವರ ನಡುವೆ ಇದ್ದೂ ಅವನಿಗೆ ಏನೂ ಆಗಿಲ್ಲವೆಂದರೆ ಏನೋ ಇರಲೇಬೇಕು ಎಂದು ಒಬ್ಬರು ಹೇಳಿದರು. ನಾನೂ ಹಾಗೇ ಯೋಚಿಸಿದ್ದೆ. ಆದರೆ ಅದೇ ಮಾತನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ಹಿತವೆನಿಸಲಿಲ್ಲ.

ಅವನಿಗೆ ಪಟ ಕೊಟ್ಟದ್ದು ಸೂಳೆಕೆರೆಯ ಕಡೆಯ ಒಬ್ಬ ಕ್ರೈಸ್ತ ಹೆಂಗಸು ಎಂದು ಅಲ್ಲೇ ತಿಳಿಯಿತು. ಆಕೆ ನನಗೆ ಗೊತ್ತಿದ್ದವಳೇ, ಆರೋಗ್ಯಮ್ಮ. ಗಂಡ ಕಲ್ಲುಕೆಲಸದವನಾಗಿದ್ದ. ಕಾಲುವೆ ದುರಸ್ತಿಗೆ ಬಂದು ಅಲ್ಲೇ ತೀರಿಕೊಂಡ. ಆಕೆ ವರ್ಷಕ್ಕೊಮ್ಮೆ ಈಸ್ಟರಿಗೆ ಶಿವಮೊಗ್ಗಕ್ಕೆ ಬಂದು ಪಾಪನಿವೇದನೆ ಮಾಡಿ ಹೋಗುತ್ತಿದ್ದಳು. ಎತ್ತಿನ ಗಾಡಿಯೊಂದರಲ್ಲಿ ಜಾಗ ಸಿಕ್ಕಿ ಹೊರಟೆ.

ಸೂಳೆಕೆರೆಯ ಏರಿ ಹತ್ತಿದಾಗ ನೀರು ಕಣ್ಣಿಗೆ ಮುಗಿಯದಷ್ಟು ಹರಡಿತ್ತು. ಬೆಸ್ತರು ಬಲೆ ಒಣಹಾಕಿದ್ದರು. ಕೆರೆಯ ಕೆಳಗೆ ಗದ್ದೆಗಳ ಹಸಿರು ಎದ್ದು ಕಾಣುತ್ತಿತ್ತು. ಇಂಥ ಜಾಗದಲ್ಲೂ ಗಾಡಿಯವನು ದಾರಿಯುದ್ದಕ್ಕೂ ಸತ್ತ ಇಲಿಗಳಿವೆಯೇ ಎಂದು ನೆಲವನ್ನೇ ನೋಡಿಕೊಂಡು ಬಂದ.

ಆರೋಗ್ಯಮ್ಮ ನನ್ನನ್ನು ಕಂಡು ಗಾಬರಿಯಾದಳು. ಉಪದೇಶಿ ಬಂದರೆ ಯಾವುದೋ ತಪ್ಪು ಹುಡುಕಿಕೊಂಡೇ ಬಂದಿರುತ್ತಾನೆಂದು ಜನ ತಿಳಿದಿದ್ದರು. ಮೀನು ಸಾರು, ಅನ್ನ ಬಡಿಸಿ, ನಾನು ಉಂಡು ಮುಗಿಸುವ ತನಕ ಬಾಗಿಲಲ್ಲೇ ನಿಂತಿದ್ದಳು.

“ಪಟ ನಾನೇ ಕೊಟ್ಟಿದ್ದು ಉಪದೇಸ್ಯಪ್ಪ,” ಎಂದಳು ಆಮೇಲೆ. “ಹೋದ ವರ್ಸ ಏರಿ ಮೇಲೆ ಬಿದ್ದಿದ್ದ. ಕಂಕುಳಲ್ಲಿ ಗಡ್ಡೆ. ಯಾರೂ ಹತ್ರ ಹೋಗ್ಲಿಲ್ಲ. ನಾನು ಗಂಜಿ ಒಯ್ದು ದೂರ ಇಟ್ಟು ಬರ್ತಿದ್ದೆ. ಹತ್ರ ಹೋಗಾಕೆ ನನಗೂ ಭಯ. ಒಂದಿನ ಅವನೇ ಅಂದ, ನಾಯಿಗೆ ಇಟ್ಟಂಗೆ ಇಡ್ತೀಯಲ್ಲವ್ವಾ ಅಂತ. ಅವತ್ತು ಹತ್ರ ಹೋದೆ.”

“ನಮ್ಮ ಸಭೆಯವನೇನು?”

“ಅಲ್ಲ.”

“ಯಾವ ಜಾತಿ?”

“ನಾನು ಕೇಳ್ಲಿಲ್ಲ, ಅವನು ಹೇಳ್ಲಿಲ್ಲ. ಎದ್ದು ಕೂತ ಮೇಲೆ ಗೋಡೆ ಮೇಲಿನ ಪಟ ನೋಡಿ, ಈ ನಾಯಿ ಯಾಕೆ ರೊಟ್ಟಿ ಕಚ್ಕೊಂಡೈತೆ ಅಂತ ಕೇಳ್ದ. ನನಗೆ ಗೊತ್ತಿದ್ದಷ್ಟು ಹೇಳ್ದೆ. ನಾಯಿ ತನಕ ಗೊತ್ತಿತ್ತು. ಮುಂದಿಂದು ನನಗೂ ಮರ್ತೋಗೈತೆ. ಹೊರಡೋವಾಗ ಪಟ ಕೊಡವ್ವಾ ಅಂದ. ಕೊಟ್ಟೆ. ತಪ್ಪಾತಾ?”

ಅಕ್ರೈಸ್ತನ ಕೈಗೆ ಸಂತರ ಪಟ ಕೊಟ್ಟದ್ದು ತಪ್ಪೆಂದು ಹೇಳಬೇಕಾದವನು ನಾನೇ. ನಾನು ತಲೆಯೆತ್ತಿ ನೋಡಿದೆ. ಗೋಡೆಯ ಮೇಲೆ ಪಟವಿದ್ದ ಜಾಗದಲ್ಲಿ ಹೊಗೆ ಹಿಡಿಯದ ಬಿಳಿಯ ಚೌಕವೊಂದು ಉಳಿದಿತ್ತು. ಆಕೆ ಅದರ ಮುಂದೆಯೇ ಈಗಲೂ ದೀಪ ಇಡುತ್ತಿದ್ದಳು.

ಅಲ್ಲಿಂದ ದಾವಣಗೆರೆಗೆ ಬಂದು ಧರ್ಮಛತ್ರವೊಂದರಲ್ಲಿ ಒಂದು ದಿನ ತಂಗಿದೆ. ಗಿರಣಿಯ ಕೊಳವೆಗಳ ಹೊಗೆ, ಅಂಗಡಿಗಳಲ್ಲಿ ಮಂಡಕ್ಕಿಯ ರಾಶಿ. ಅಲ್ಲಿ ಪ್ಲೇಗಿನ ಸೂಜಿ ಚುಚ್ಚಿಸಿಕೊಂಡೆ. ತೋಳು ಊದಿ ಜ್ವರ ಬಂತು. ಅದು ಸೂಜಿಯ ಜ್ವರವೋ, ಆರೋಗ್ಯಮ್ಮನ ಊರಿನಿಂದ ತಂದದ್ದೋ ಎಂದು ಹಾಸಿಗೆಯಲ್ಲಿ ಮತ್ತೆ ಮತ್ತೆ ಕಂಕುಳು ಮುಟ್ಟಿ ನೋಡಿಕೊಂಡೆ. ಆ ಭಯದಲ್ಲಿ ಒಂದು ವಿಷಯ ಮಾತ್ರ ಸ್ಪಷ್ಟವಾಯಿತು: ನನಗೆ ಗಡ್ಡೆ ಎದ್ದರೆ ಆ ಧರ್ಮಛತ್ರದಲ್ಲಿ ಯಾರೂ ನನ್ನ ಹತ್ತಿರ ಬರುವುದಿಲ್ಲ. ಬೆಳಿಗ್ಗೆ ಜ್ವರ ಬಿಟ್ಟಿತು.

ಜಗಳೂರಿನ ದಾರಿ ಒಣಸೀಮೆಯದು. ಕೆಂಪು ಮಣ್ಣು, ಜಾಲಿ, ನವಣೆ ಕೊಯ್ದ ಹೊಲ, ದೂರದಲ್ಲಿ ಕುರಿಮಂದೆ. ಬಿಳಿಚೋಡಿನ ಹತ್ತಿರ ಬಸ್ಸಿನ ಡ್ರಮ್ಮು ಕೆಟ್ಟು ನಿಂತಿತು. ಸರಿಯಾಗಲು ಹೊತ್ತಾಗುತ್ತದೆಂದು ತಿಳಿದು ರಸ್ತೆ ಬದಿಯ ಗುಡಿಸಲುಗಳತ್ತ ನಡೆದೆ. ಕುರಿ ಕಾಯುವವರ ಕುಟುಂಬಗಳು. ಒಬ್ಬ ಮುದುಕಿ ಉಣ್ಣೆ ನೂಲುತ್ತ ಕೂತಿದ್ದಳು. ಪಟದವನ ಮಾತೆತ್ತಿದೆ. ಆಕೆ ನೂಲು ನಿಲ್ಲಿಸಲಿಲ್ಲ.

“ಬಂದಿದ್ದ. ನನ್ನ ಮಗನ್ನ ನೋಡ್ಕೊಂಡ.”

“ವಾಸಿ ಆಯ್ತೇನಮ್ಮ?”

“ಇಲ್ಲಪ್ಪ. ಸತ್ತ.”

ಆದರೂ ನನ್ನ ಚಾಳಿ ಬಿಡಲಿಲ್ಲ, ಕೇಳಿದೆ: “ಹಂಗಾದ್ರೆ ಅವನಿಂದ ಏನು ಉಪಯೋಗ ಆತು?”

ಮುದುಕಿ ಈಗ ಕೈ ನಿಲ್ಲಿಸಿ ನನ್ನನ್ನು ನೋಡಿದಳು. “ನಾನು ಹೆತ್ತೋಳು. ಸೊಸೆ, ಮೊಮ್ಮಕ್ಕಳು ಅದಾವೆ ಅಂತ ನನ್ನ ಆಚೆ ಕಳ್ಸಿದ್ರು. ನಾನು ಬಾಗ್ಲಲ್ಲಿ ನಿಂತು ಅಳ್ತಿದ್ದೆ. ಅವನು ಒಳಗೆ ಕೂತು ನನ್ನ ಮಗನ ತಲೆ ತೊಡೆ ಮೇಲಿಟ್ಕೊಂಡು ನೀರು ಬಿಡ್ತಿದ್ದ. ನನ್ನ ಮಗ ಒಬ್ನೇ ಸಾಯ್ಲಿಲ್ಲ. ಅದನ್ನ ಉಪಯೋಗ ಅಂತಾರೋ ಏನಂತಾರೋ, ನನಗೆ ಗೊತ್ತಿಲ್ಲಪ್ಪ.”

ಸಂತರ ಚರಿತ್ರೆಯನ್ನು ನಾನು ಎಷ್ಟೋ ವರ್ಷ ಮಕ್ಕಳಿಗೆ ಹೇಳಿದ್ದೆ. ಅವರು ಶಿಲುಬೆಯ ಗುರುತು ಹಾಕಿದ ಕೂಡಲೇ ರೋಗಿಗಳು ಎದ್ದರು ಎನ್ನುವ ಭಾಗವನ್ನು ಗಟ್ಟಿಯಾಗಿ ಹೇಳುತ್ತಿದ್ದೆ, ಮಕ್ಕಳು ಕಣ್ಣರಳಿಸುತ್ತಿದ್ದರು. ಏಳದೇ ಹೋದವರು ಎಷ್ಟು ಮಂದಿ ಇದ್ದಿರಬೇಕು, ಅವರ ಹತ್ತಿರ ಸಂತರು ಏನು ಮಾಡುತ್ತ ಕೂತಿದ್ದರು ಎಂದು ನಾನು ಯೋಚಿಸಿದ್ದು ಬಿಳಿಚೋಡಿನ ಆ ಹೊಲದಲ್ಲೇ ಮೊದಲು. ಪವಾಡ ನಮ್ಮಂಥವರ ಕೈಗೆ ಬರುವುದಲ್ಲ. ಹತ್ತಿರ ಕೂರುವುದು ಬರುತ್ತದೆ. ಅದಕ್ಕೇ ಅದನ್ನು ಬಿಟ್ಟು ಪವಾಡದ ಕಥೆಯನ್ನು ನಾವು ಹೆಚ್ಚು ಹೇಳುತ್ತೇವೇನೋ.

ಜಗಳೂರು ಸೇರಿದಾಗ ಅವನು ಲಾಕಪ್ಪಿನಲ್ಲಿದ್ದ. ಹಿಂದಿನ ವಾರವೇ ಹಿಡಿದಿದ್ದರಂತೆ. ತಾಲ್ಲೂಕು ಕಚೇರಿಯಲ್ಲಿ ಅಮಲ್ದಾರರು ನನಗೆ ಕುರ್ಚಿ ಕೊಟ್ಟು ಕೂರಿಸಿದರು. ನಿದ್ದೆಗೆಟ್ಟ ಕಣ್ಣಿನ, ಒಳ್ಳೆಯ ಮಾತಿನ ಮನುಷ್ಯ.

“ನೋಡಿ, ಅವನ ಮೇಲೆ ಕಳ್ಳತನದ ದೂರಿದೆ, ತಪ್ಪಲೆಯೂ ಸಿಕ್ಕಿದೆ. ಅದು ಸಣ್ಣದು. ಹೆಸರು, ಊರು ಹೇಳುವುದಿಲ್ಲ ಅನ್ನುವುದು ದೊಡ್ಡದು. ಈ ಕಾಲದಲ್ಲಿ ಹೆಸರಿಲ್ಲದವನನ್ನು ನಾನು ಬಿಟ್ಟರೆ ಮೇಲಿನವರು ನನ್ನನ್ನು ಬಿಡುವುದಿಲ್ಲ. ನಿಮ್ಮ ಚರ್ಚಿನವನು ಅಂತ ನೀವು ಹೇಳಿದರೆ ಬಿಡುತ್ತೇನೆ. ಇಲ್ಲವಾದರೆ ಚಿತ್ರದುರ್ಗದ ಜೈಲಿಗೆ ಕಳಿಸುತ್ತೇನೆ. ನೋಡಿಕೊಂಡು ಬಂದು ಹೇಳಿ.”

ಲಾಕಪ್ಪಿನ ಕಂಬಿಯ ಹಿಂದೆ ಗೋಡೆಗೊರಗಿ ಕೂತಿದ್ದವನನ್ನು ಕಂಡಾಗ ನನಗೆ ನಿರಾಶೆಯಾಯಿತು. ಕಳ್ಳನಂತೆಯೂ ಇರಲಿಲ್ಲ, ಸಂತನಂತೆಯೂ ಇರಲಿಲ್ಲ. ನಲವತ್ತರ ಆಸುಪಾಸಿನ, ಒರಟು ಗಡ್ಡದ, ಸಿಡುಕು ಮುಖದ ಆಳು. ಮೊದಲು ಕೇಳಿದ್ದೇ, “ಹೊಗೆಸೊಪ್ಪು ಐತೇನ್ರೀ?” ನಾನು ಇಲ್ಲವೆಂದೆ. ಮುಖ ತಿರುಗಿಸಿದ.

“ನ್ಯಾಮತಿಯಲ್ಲಿ ತಪ್ಪಲೆ ಕದ್ದೆಯಂತೆ.”

“ಕದಿಲಿಲ್ಲ, ತಗಂಡೆ. ನೀರು ಕಾಸಾಕೆ ಇನ್ನೇನು, ನಿಮ್ಮ ಟೊಪ್ಪಿಗೇಲಿ ಕಾಸ್ಲೇನು? ಆ ಮನೆಯೋರು ಮುದುಕೀನೇ ಬಿಟ್ಟು ಹೋಗಿದ್ರು, ತಪ್ಪಲೆ ಬೇಕಿತ್ತಾ ಅವರಿಗೆ?”

“ಅದು ಕಳ್ಳತನವೇ.”

“ಆಗ್ಲಿ ಬಿಡ್ರಿ.”

ಅಂಗಿಯ ಒಳಗಿನಿಂದ ಪಟ ತೆಗೆದು ತೋರಿಸಿದ. ಬೆವರಿಗೆ ಬಣ್ಣ ಬಿಟ್ಟು, ಸಂತರ ಮುಖ ಮಸುಕಾಗಿತ್ತು. ನಾಯಿ ಮಾತ್ರ ಚೆನ್ನಾಗಿ ಉಳಿದಿತ್ತು. “ಇವ್ರ ಮಂದಿ ಅಂತೆ ನೀವು. ಕೆರೆ ಅವ್ವ ನಾಯಿ ತನಕ ಹೇಳ್ತು. ಆಮ್ಯಾಲೆ ಏನಾತು?”

ನಾನು ಕಂಬಿಯ ಈಚೆ ನೆಲದ ಮೇಲೆ ಕೂತು ಉಳಿದದ್ದನ್ನು ಹೇಳಿದೆ. ಗಾಯ ಮಾಯ್ದ ಮೇಲೆ ಆರೋಗ್ಯನಾಥರು ತಮ್ಮ ಊರಿಗೆ ಮರಳಿದರು. ಅಲ್ಲಿ ಯುದ್ಧ ನಡೆದಿತ್ತು. ಹರಿದ ಬಟ್ಟೆಯ, ಸೊರಗಿದ ಮುಖದ ಅವರನ್ನು ಯಾರೂ ಗುರುತಿಸಲಿಲ್ಲ. ವೈರಿಯ ಬೇಹುಗಾರ ಎಂದು ಹಿಡಿದರು. ಊರಿನ ಅಧಿಪತಿ ಅವರ ಸ್ವಂತ ಚಿಕ್ಕಪ್ಪ. ಅವನೇ ಸೆರೆಗೆ ಹಾಕಿಸಿದ. ಹೆಸರು ಹೇಳದೆ ವರ್ಷಗಟ್ಟಲೆ ಸೆರೆಯಲ್ಲಿದ್ದು ಅಲ್ಲೇ ಸತ್ತರು. ಸತ್ತ ಮೇಲೆ ಎದೆಯ ಮೇಲಿದ್ದ ಶಿಲುಬೆಯಂಥ ಹುಟ್ಟುಮಚ್ಚೆ ನೋಡಿ, ಇವನು ನಮ್ಮ ಹುಡುಗ ಎಂದು ಅತ್ತರು.

ಅವನು ಪಟದ ನಾಯಿಯ ಮೇಲೆ ಬೆರಳಿಟ್ಟ. “ನಾಯಿ?” ಎಂದ. “ಸೆರೆಮನೆಗೂ ಬಂತಾ?”

“ಗೊತ್ತಿಲ್ಲ. ಪುಸ್ತಕದಲ್ಲಿ ಇಲ್ಲ.”

“ಹೆಸರು ಹೇಳಿದ್ರೆ ಬಿಡ್ತಿದ್ರಲ್ಲ?”

“ಬಿಡುತ್ತಿದ್ದರು. ಲೋಕದ ಕೀರ್ತಿ ಬೇಡವೆಂದು, ತಾಳ್ಮೆಯಿಂದ...”

“ಅದಲ್ಲ ಕಣ್ರೀ,” ಎಂದು ನನ್ನ ಮಾತು ತುಂಡರಿಸಿದ. “ಚಿಕ್ಕಪ್ಪನ ಹೆಸರು ಹೇಳಿ ತಾನು ಹೊರಗೆ ಬಂದ್ರೆ, ಚಿಕ್ಕಪ್ಪ ಇಲ್ದೋರು ಒಳಗೇ ಇರ್ತಾರಲ್ಲ. ಅವರ ಮುಖ ನೋಡ್ಕೊಂಡು ಹೆಂಗೆ ಬರ್ತಾನೆ?”

ಅದು ಸರಿಯಾದ ವ್ಯಾಖ್ಯಾನವೋ ಅಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. “ನೀನು ಯಾಕೆ ಹೇಳುವುದಿಲ್ಲ?” ಎಂದೆ.

“ನಾನೇನು ದೊಡ್ಡ ಮನುಷ್ಯ ಅಲ್ಲಪ್ಪ. ಹೆಸರು ಹೇಳಿದ್ರೆ ಊರು ಕೇಳ್ತಾರೆ, ಊರು ಹೇಳಿದ್ರೆ ಜಾತಿ ತಿಳೀತೈತೆ. ಜಾತಿ ತಿಳಿದ್ರೆ ಅರ್ಧ ಮಂದಿ ನನ್ನ ಕೈನೀರು ಕುಡಿಯಲ್ಲ. ಜ್ವರದಾಗೆ ಗಂಟಲು ಒಣಗಿ ಸಾಯ್ತಾರೆ, ನೀರು ಮಾತ್ರ ಬ್ಯಾಡ ಅಂತಾರೆ. ಕಣ್ಣಾರೆ ನೋಡೀನಿ. ಅವತ್ತೇ ಬಾಯಿ ಮುಚ್ಕೊಂಡೆ. ಪೊಲೀಸ್ನೋರಿಗೆ ಹೇಳಿದ್ರೆ ನಾಳೆ ಸಂತೇಲಿ ಎಲ್ಲಾರಿಗೂ ಗೊತ್ತಾಗ್ತೈತೆ. ಈಗ ಸೊಕ್ಕೆ ಊರ ಕಡೆ ಇಲಿ ಬೀಳಾಕೆ ಹತ್ಯಾವೆ ಅಂತಾರೆ. ಅಲ್ಲಿಗೆ ಹೋಗೋದು ಬ್ಯಾಡ್ವಾ?”

ಅಮಲ್ದಾರರ ಮುಂದೆ ಮತ್ತೆ ನಿಂತೆ. ಅವನು ನಮ್ಮವನು ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. ನಿಜ ಹೇಳಿದರೆ ಜೈಲು. ಅವನ ಮಾತೆಲ್ಲ ನಿಜವೆಂದು ನನಗೆ ಆಗಲೂ ಪೂರ್ತಿ ನಂಬಿಕೆ ಬಂದಿರಲಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಒಳ್ಳೆಯ ಕಥೆ ಕಟ್ಟುವ ಕಳ್ಳರನ್ನು ನಾನು ಕಂಡಿದ್ದೆ. ಆದರೆ ಪೂರ್ತಿ ತಿಳಿಯುವ ತನಕ ಕಾಯುತ್ತೇನೆಂದರೆ, ಆ ಚಿಕ್ಕಪ್ಪನೂ ಕಾದಿದ್ದ. ಎದೆಯ ಮಚ್ಚೆ ಕಾಣುವ ತನಕ.

“ಅವನು ನಮ್ಮ ಸಭೆಯವನಲ್ಲ ಸ್ವಾಮಿ,” ಎಂದೆ. “ಜ್ಞಾನಸ್ನಾನ ಆಗಿಲ್ಲ. ಹೆಸರು ನನಗೂ ಹೇಳಲಿಲ್ಲ. ಆದರೆ ನಾನು ಅವನಿಗೆ ಜಾಮೀನು ನಿಲ್ಲುತ್ತೇನೆ.”

ಅಮಲ್ದಾರರು ಪೆನ್ನು ಕೆಳಗಿಟ್ಟರು. “ನಿಮ್ಮವನಲ್ಲ, ಹೆಸರೂ ಗೊತ್ತಿಲ್ಲ. ಓಡಿಹೋದರೆ ನಿಮ್ಮನ್ನು ಕೂರಿಸಬೇಕಾಗುತ್ತದೆ. ಯಾಕ್ರೀ ಬೇಕು ಇದು?”

“ಹಿಂದೆ ಒಬ್ಬರನ್ನು ಹೀಗೇ ಸಂಶಯಪಟ್ಟು ಸಾಯಿಸಿ, ಈಗ ವರ್ಷಾವರ್ಷ ಅವರ ಹಬ್ಬ ಮಾಡುತ್ತೇವೆ ಸ್ವಾಮಿ. ಇನ್ನೊಂದು ಹಬ್ಬ ಬೇಡ.”

ಅವರಿಗೆ ಅರ್ಥವಾಯಿತೋ ಇಲ್ಲವೋ. ವಾರಕ್ಕೊಮ್ಮೆ ಠಾಣೆಗೆ ಬಂದು ಮುಖ ತೋರಿಸಬೇಕು, ತಪ್ಪಲೆಯನ್ನು ನ್ಯಾಮತಿಗೆ ವಾಪಸು ಕಳಿಸಬೇಕು ಎಂಬ ಕರಾರಿನ ಮೇಲೆ ಒಪ್ಪಿದರು. ಮುಂದೆ ನಡೆದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಆ ಬೇಸಿಗೆಯ ತನಕ ನಾನು ಶಿವಮೊಗ್ಗದಲ್ಲಿ ಪೊಲೀಸಿನ ಟೊಪ್ಪಿ ಕಂಡಾಗಲೆಲ್ಲ ನನ್ನನ್ನು ಹಿಡಿಯಲು ಬಂದರೆಂದು ನಡುಗಿದೆ. ಯಾರೂ ಬರಲಿಲ್ಲ. ಅವನು ಒಂದು ವಾರವೂ ತಪ್ಪಿಸದೆ ಠಾಣೆಗೆ ಹೋದನಂತೆ. ಬಿಸಿಲು ಬಲಿತು ಪ್ಲೇಗು ಇಳಿದ ಮೇಲೆ ಅಮಲ್ದಾರರಿಗೆ ಹೇಳಿಯೇ ಎಲ್ಲಿಗೋ ಹೊರಟುಹೋದನಂತೆ.

ಬಿಡುಗಡೆಯಾದಾಗ ಅವನು ನನಗೆ ಕೈ ಮುಗಿಯಲಿಲ್ಲ. ತಪ್ಪಲೆ ಹೋಯಿತೆಂದು ಗೊಣಗಿದ. ಸಂತೆ ಬೀದಿಯಲ್ಲಿ ಅವನಿಗೊಂದು ಮಣ್ಣಿನ ಮಡಕೆ, ಒಂದಿಷ್ಟು ಹೊಗೆಸೊಪ್ಪು ಕೊಡಿಸಿದೆ. ಮಡಕೆಯನ್ನು ಬೆರಳಿಂದ ತಟ್ಟಿ, ಕಿವಿಯಿಟ್ಟು ಕೇಳಿ, ಸೀಳಿಲ್ಲವೆಂದು ನೋಡಿಕೊಂಡ ಮೇಲೆ ಮುಖ ಸ್ವಲ್ಪ ಸಡಿಲವಾಯಿತು. ಸೊಕ್ಕೆಯ ದಾರಿ ಕವಲೊಡೆಯುವಲ್ಲಿಯ ತನಕ ಜೊತೆಯಲ್ಲಿ ನಡೆದೆ. ನನ್ನ ಬಸ್ಸು ಬರಲು ಇನ್ನೂ ಹೊತ್ತಿತ್ತು. ಬಾವಿಯಿಂದ ನೀರು ಸೇದಿ ಮಡಕೆ ತುಂಬಿಕೊಂಡ.

“ಈಗಲಾದರೂ ಹೆಸರು ಹೇಳು,” ಎಂದೆ. “ನಿನ್ನ ಜಾಮೀನುದಾರ ನಾನು.”

ಅವನು ಮಡಕೆಯನ್ನು ನನ್ನತ್ತ ಬಗ್ಗಿಸಿದ. “ಮೊದ್ಲು ಕುಡೀರಿ.”

ಕ್ರಿಸ್ತನ ಮುಂದೆ ಜಾತಿಯಿಲ್ಲವೆಂದು ಪಾಠ ಹೇಳುವವನು ನಾನು. ಆದರೂ ನಮ್ಮ ಮನೆಗಳಲ್ಲಿ ಯಾರ ಕೈನೀರು ಯಾರು ಕುಡಿಯುತ್ತಾರೆಂಬುದು ನಮಗೆಲ್ಲ ಗೊತ್ತೇ ಇದೆ. ಜೊತೆಗೆ ಅವು ಪ್ಲೇಗಿನವರನ್ನು ಮುಟ್ಟಿದ ಕೈಗಳು. ನಾನು ಹಿಂಜರಿದದ್ದನ್ನು ಅವನು ನೋಡಿದ. ಸಿಟ್ಟಾಗಲಿಲ್ಲ, ನಗಲಿಲ್ಲ, ಮಡಕೆಯನ್ನು ಹಿಂದಕ್ಕೂ ತೆಗೆಯಲಿಲ್ಲ. ಹಾಗೇ ಬಗ್ಗಿಸಿಕೊಂಡು ನಿಂತಿದ್ದ. ಬೊಗಸೆಯೊಡ್ಡಿದೆ. ನೀರು ಸವುಳಾಗಿತ್ತು, ಹೊಸ ಮಣ್ಣಿನ ವಾಸನೆಯಿತ್ತು. ಸಾಕು ಎನ್ನುವ ತನಕ ಕುಡಿದೆ.

ಆಮೇಲೆ ಅವನು ಹೆಸರು ಹೇಳಿದ. ಅದನ್ನು ನಾನು ಗುರುಗಳಿಗೂ ಹೇಳಲಿಲ್ಲ, ಇಲ್ಲಿಯೂ ಬರೆಯುವುದಿಲ್ಲ.

ಮಡಕೆ ಹೆಗಲಿಗೇರಿಸಿ ಸೊಕ್ಕೆಯ ದಾರಿ ಹಿಡಿದ. ಬಸ್ಸು ಬಂತು. ನಾನು ಕಿಟಕಿಯ ಪಕ್ಕ ಕೂತೆ. ಬಯಲಿನಲ್ಲಿ ಅವನು ಇನ್ನೂ ಕಾಣುತ್ತಿದ್ದ. ಪಕ್ಕದಲ್ಲಿ ಕೂತಿದ್ದ ರುಮಾಲಿನ ಯಜಮಾನರು ನನ್ನ ನೋಟದ ಜಾಡು ಹಿಡಿದು ಕತ್ತು ಚಾಚಿದರು.

“ಯಾರ್ರೀ ಅವನು? ಲಾಕಪ್ನಾಗಿದ್ದೋನಲ್ವಾ? ನೀವು ಜೊತೇಲಿ ನಿಂತಿದ್ರಿ.”

ನನ್ನ ಚೀಲದ ಮೇಲೂ ಅವರ ಕಣ್ಣು ಹೋಯಿತು.

“ನಮಗೆ ಬೇಕಾದೋರು,” ಎಂದೆ.

ಯಜಮಾನರು ತಮ್ಮ ಗಂಟನ್ನು ಎತ್ತಿ ಆಚೆ ಬದಿಗೆ ಇಟ್ಟುಕೊಂಡರು. ನಾನು ಕಿಟಕಿಯಿಂದ ಹೊರಗೆ ನೋಡಿದೆ. ಸೊಕ್ಕೆಯ ಕಡೆಯ ಕೆಂಪು ದಾರಿಯಲ್ಲಿ ಆ ಮನುಷ್ಯ ನೀರು ತುಳುಕದ ಹಾಗೆ ನಿಧಾನವಾಗಿ ಹೋಗುತ್ತಿದ್ದ.